ಬಂದೂಕಿನಂಗಡಿ ಮುಚ್ಚಿದರೆ ಲೆಕ್ಕದ ಪುಸ್ತಕ ಯಾರ ಕೈಗೆ?

2025ರ ಜನವರಿ 16. ಬೀದರ್ ಶಹರದಲ್ಲಿ ಹಾಡಹಗಲೇ ಎಸ್‌ಬಿಐ ಬ್ಯಾಂಕಿನ ಮುಂದೆ ಎಟಿಎಂಗೆ ಹಣ ಸಾಗಿಸುತ್ತಿದ್ದ ಸಿಬ್ಬಂದಿ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಒಬ್ಬರು ಸತ್ತರು, ಇನ್ನೊಬ್ಬರು ಗಾಯಗೊಂಡರು. ಹಣದ ಪೆಟ್ಟಿಗೆ ಹೊತ್ತುಕೊಂಡು ಹೋದವರು ಅದೇ ದಿನ ಹೈದರಾಬಾದ್‌ನ ಅಫ್ಜಲ್‌ಗಂಜ್‌ನಲ್ಲೂ ಗುಂಡು ಹಾರಿಸಿದರು.

ಆಮೇಲೆ ಜಿಲ್ಲೆಯಲ್ಲಿ ಎರಡು ಪ್ರಶ್ನೆ ಎದ್ದವು. ಹಣದ ಗಾಡಿಗೆ ಬಂದೂಕು ಹಿಡಿದ ಕಾವಲು ಎಲ್ಲಿತ್ತು? ಕಳ್ಳರ ಕೈಗೆ ಬಂದೂಕು ಎಲ್ಲಿಂದ ಬಂತು? ಮೊದಲನೆಯದು ಲೈಸೆನ್ಸ್ ಇರುವ ಬಂದೂಕಿನ ಬಗ್ಗೆ, ಎರಡನೆಯದು ಇಲ್ಲದ್ದರ ಬಗ್ಗೆ. ಈ ಎರಡರ ನಡುವೆ ಗಡಿಯ ಹಾಗೆ ನಿಂತಿರುವುದು ಒಂದು ಸಣ್ಣ ವ್ಯಾಪಾರ: ಲೈಸೆನ್ಸ್ ಪಡೆದ ಬಂದೂಕಿನಂಗಡಿ. ದೇಶದಾದ್ಯಂತ ಈ ಅಂಗಡಿಗಳು ಸೊರಗುತ್ತಿವೆ. ಯಾಕೆ, ಅದರಿಂದ ನಮಗೇನು ಅನ್ನೋದನ್ನ ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ನಿಂತು ನೋಡೋಣ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಂದೂಕಿನ ಪರ ಇಲ್ಲ. ಸಮಾಜದಲ್ಲಿ ಬಂದೂಕು ಕಡಿಮೆ ಇದ್ದಷ್ಟೂ ಒಳ್ಳೇದು ಅಂತಲೇ ನನ್ನ ನಂಬಿಕೆ. ಆದರೆ ಅಂಗಡಿ ಸಾಯೋದೂ ಬಂದೂಕು ಕಡಿಮೆಯಾಗೋದೂ ಒಂದೇ ಅಂತ ತಿಳಿಯೋದು ತಪ್ಪು ಲೆಕ್ಕ.

ಬಂದೂಕಿನಂಗಡಿ ಅಂದರೆ ಕಾನೂನಿನ ಕಣ್ಣಲ್ಲಿ ಏನು?

1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 3ರ ಪ್ರಕಾರ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಸೆಕ್ಷನ್ 5ರ ಪ್ರಕಾರ ಅದನ್ನು ತಯಾರಿಸಲು, ಮಾರಲು, ಕೈ ಬದಲಿಸಲು, ರಿಪೇರಿ ಮಾಡಲು ಬೇರೆಯೇ ಲೈಸೆನ್ಸ್ ಬೇಕು. ಅಂದರೆ ಕಬ್ಬಿಣದ ಕೆಲಸ ಬಲ್ಲ ಯಾರೋ ಒಬ್ಬರು ನಿಮ್ಮ ತಾತನ ಕಾಲದ ಬಂದೂಕಿನ ಕುದುರೆ ಸರಿ ಮಾಡಿಕೊಟ್ಟರೆ ಅದೂ ಅಪರಾಧವೇ.

ಅಂಗಡಿಯವರು ಬಂದ ಮಾಲು, ಹೋದ ಮಾಲು, ಕೊಂಡವರ ಲೈಸೆನ್ಸ್ ನಂಬರು, ಬಂದೂಕಿನ ಮೇಲಿನ ನಂಬರು, ಎಷ್ಟು ತೋಟಾ ಕೊಟ್ಟರು ಅನ್ನೋದನ್ನ ರಿಜಿಸ್ಟರಿನಲ್ಲಿ ಬರೆದಿಡಬೇಕು. ಅಧಿಕಾರಿ ಕೇಳಿದಾಗ ತೋರಿಸಬೇಕು. ಕಿರಾಣಿ ಅಂಗಡಿಯ ಹಾಗೆ ಬಂದವರಿಗೆಲ್ಲ ಮಾರುವಂತಿಲ್ಲ. ಲೈಸೆನ್ಸ್ ಹಿಡಿದು ಬಂದವರಿಗೆ, ಲೈಸೆನ್ಸ್‌ನಲ್ಲಿ ಬರೆದಷ್ಟೇ ಮಾರಬೇಕು. ಇದು ವ್ಯಾಪಾರ ಹೌದು, ಜೊತೆಗೆ ಖಾಸಗಿಯವರ ದುಡ್ಡಿನಲ್ಲಿ ನಡೆಯುವ ಸರಕಾರಿ ಲೆಕ್ಕದ ಕೋಣೆ ಕೂಡ.

ಹಕ್ಕಲ್ಲ, ಅನುಮತಿ

ಭಾರತದಲ್ಲಿ ಬಂದೂಕು ಹಿಡಿಯೋದು ಹಕ್ಕಲ್ಲ. ಆದರೆ ಒಂದು ಕಾಲಕ್ಕೆ ಹಕ್ಕಾಗಬೇಕು ಅನ್ನೋ ಮಾತು ಗಟ್ಟಿಯಾಗೇ ಇತ್ತು. 1878ರ ಬ್ರಿಟಿಷ್ ಕಾಯ್ದೆ ಭಾರತೀಯರ ಕೈಯಿಂದ ಆಯುಧ ಕಿತ್ತುಕೊಂಡಿತು ಅನ್ನೋದು ಸ್ವಾತಂತ್ರ್ಯ ಹೋರಾಟದ ದೊಡ್ಡ ದೂರುಗಳಲ್ಲಿ ಒಂದು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಕ್ಕೆ ಒಳಪಟ್ಟು ಶಸ್ತ್ರ ಹೊಂದುವ ಹಕ್ಕೂ ಇತ್ತು. 1948ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅದನ್ನು ಸಂವಿಧಾನದಲ್ಲೂ ಸೇರಿಸಬೇಕು ಅಂತ ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರ ಹಕ್ಕು ಅಂತ ಬರೆದರೆ ಅಪರಾಧವನ್ನೇ ಕಸುಬು ಮಾಡಿಕೊಂಡವರೂ ಅದೇ ಹಕ್ಕು ಕೇಳುತ್ತಾರೆ ಅನ್ನೋದು ಅವರ ವಾದದ ಸಾರ. ತಿದ್ದುಪಡಿ ಬಿದ್ದುಹೋಯಿತು.

ಅದೇ ವರ್ಷ ಬೀದರ್ ಜಿಲ್ಲೆ ಏನು ಕಂಡಿತ್ತು ಅನ್ನೋದನ್ನ ಇಲ್ಲಿ ನೆನೆಯಬೇಕು. 1948ರ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು ಅಂತ ಸುಂದರಲಾಲ್ ಸಮಿತಿ ವರದಿ ಹೇಳಿತು. ಆಯುಧ ಮೊದಲು ಒಂದು ಕೈಯಲ್ಲಿತ್ತು, ಆಮೇಲೆ ಇನ್ನೊಂದು ಕೈಗೆ ಹೋಯಿತು. ಎರಡೂ ಸಲ ಸತ್ತವರು ಬಡ ಹಳ್ಳಿಗರು. ಆಯುಧ ಯಾರ ಕೈಯಲ್ಲಿರಬೇಕು ಅನ್ನೋದು ಈ ಜಿಲ್ಲೆಗೆ ಬರೀ ಪುಸ್ತಕದ ಪ್ರಶ್ನೆಯಲ್ಲ.

ಗಿರಾಕಿಗಳು ಎಲ್ಲಿ ಹೋದರು?

ಒಂದು ಕಾಲದಲ್ಲಿ ಬಂದೂಕಿನಂಗಡಿಯ ದೊಡ್ಡ ಗಿರಾಕಿ ಶಿಕಾರಿ ಮಾಡುವವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಗೆ ಬೇಲಿ ಹಾಕಿತು. ಅದು ಬೇಕಾಗಿದ್ದ ಕಾಯ್ದೆ. ನಮ್ಮ ಜಿಲ್ಲೆಯ ಬಯಲಲ್ಲಿ ಇವತ್ತಿಗೂ ಕೃಷ್ಣಮೃಗ ಓಡಾಡೋದಕ್ಕೆ ಅದೂ ಕಾರಣ. ಆದರೆ ಅಂಗಡಿಯ ಮಟ್ಟಿಗೆ ಗಲ್ಲಾಪೆಟ್ಟಿಗೆಯ ಅರ್ಧ ಅವತ್ತೇ ಖಾಲಿಯಾಯಿತು.

1980ರ ದಶಕದ ಮಧ್ಯದಲ್ಲಿ ವ್ಯಾಪಾರಿಗಳು ವಿದೇಶಿ ಬಂದೂಕು ತರಿಸಿಕೊಳ್ಳುವುದೂ ನಿಂತಿತು. ಆಮೇಲೆ ಹೊಸ ಮಾಲು ಅಂದರೆ ಹೆಚ್ಚಾಗಿ ಸರಕಾರಿ ಆರ್ಡನೆನ್ಸ್ ಕಾರ್ಖಾನೆಗಳದ್ದೇ.

ಇನ್ನು ಎಷ್ಟು ಬಂದೂಕು ಇಟ್ಟುಕೊಳ್ಳಬಹುದು ಅನ್ನೋ ಪ್ರಶ್ನೆ. 1983ರ ತಿದ್ದುಪಡಿ ಒಬ್ಬರಿಗೆ ಮೂರೇ ಅಂತ ಮಿತಿ ಹಾಕಿತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮೂರನೆಯದು ಇದ್ದವರು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಜಮಾ ಮಾಡಬೇಕಾಯಿತು. ಹೀಗೆ ಎಲ್ಲ ಕಡೆ ಒಂದೇ ಸಲ ಹಳೇ ಬಂದೂಕು ಹೊರಬಂದರೆ ಸೆಕೆಂಡ್ ಹ್ಯಾಂಡ್ ಮಾಲಿಗೆ ಬೆಲೆ ಎಲ್ಲಿಂದ ಬರಬೇಕು?

ಲೈಸೆನ್ಸ್‌ಗಳ ಸಂಖ್ಯೆಯನ್ನೂ ನೋಡಿ. ಕೇಂದ್ರ ಗೃಹ ಸಚಿವಾಲಯದ ಅಂಕಿಅಂಶದಂತೆ 2016ರ ಕೊನೆಗೆ ದೇಶದಲ್ಲಿ ಸುಮಾರು 33.69 ಲಕ್ಷ ಲೈಸೆನ್ಸ್ ಇದ್ದವು. ಅದರಲ್ಲಿ 12.77 ಲಕ್ಷ ಉತ್ತರ ಪ್ರದೇಶ ಒಂದರಲ್ಲೇ. ಕರ್ನಾಟಕದಲ್ಲಿ ಸುಮಾರು 1.13 ಲಕ್ಷ. 2011ರ ಜನಗಣತಿಗೆ ಭಾಗಿಸಿದರೆ ಉತ್ತರ ಪ್ರದೇಶದಲ್ಲಿ ಸುಮಾರು 156 ಜನಕ್ಕೆ ಒಂದು, ನಮ್ಮಲ್ಲಿ ಸುಮಾರು 540 ಜನಕ್ಕೆ ಒಂದು. ಸುಮಾರು 17 ಲಕ್ಷ ಜನರಿರುವ ಬೀದರ್ ಜಿಲ್ಲೆಗೆ ಇದೇ ಸರಾಸರಿ ಹಾಕಿದರೂ ಮೂರು ಸಾವಿರದ ಆಸುಪಾಸು ಬರುತ್ತದೆ. ಮಲೆನಾಡಿನ ತೋಟದವರೂ ಸೇರಿದ ಸರಾಸರಿ ಅದು. ನಮ್ಮ ಕಡೆ ಅದಕ್ಕಿಂತ ಹೆಚ್ಚಿರಲು ಕಾರಣ ನನಗಂತೂ ಕಾಣಿಸಲ್ಲ.

ಅಂಗಡಿಯ ಲೆಕ್ಕಾಚಾರ

ಈಗ ಅಂಗಡಿಯವರ ಜಾಗದಲ್ಲಿ ಕೂತು ಯೋಚನೆ ಮಾಡಿ. ಬಂದೂಕು ಮೊಬೈಲ್ ಅಲ್ಲ, ಎರಡು ವರ್ಷಕ್ಕೊಮ್ಮೆ ಬದಲಾಯಿಸೋದಿಲ್ಲ. ಬಹಳಷ್ಟು ಮಂದಿ ಜೀವಮಾನದಲ್ಲಿ ಒಂದೇ ಸಲ ಕೊಳ್ಳುತ್ತಾರೆ. ತೋಟಾ ಮಾರಾಟಕ್ಕೆ ಲೈಸೆನ್ಸ್‌ನಲ್ಲೇ ಮಿತಿ ಇದೆ. ರಿಪೇರಿ ಕೆಲಸ ಆಗೊಮ್ಮೆ ಈಗೊಮ್ಮೆ. ಉಳಿಯೋದು ಜಮಾ ಇಟ್ಟ ಬಂದೂಕುಗಳ ಬಾಡಿಗೆ, ಜೊತೆಗೆ ಒಂದಿಷ್ಟು ಏರ್‌ಗನ್. 4.5 ಮಿ.ಮೀ. ಒಳಗಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್‌ಗನ್ ಕೊಳ್ಳಲು ಲೈಸೆನ್ಸ್ ಬೇಡ.

ಖರ್ಚಿನ ಕಡೆ ಮಾತ್ರ ಯಾವುದೂ ನಿಲ್ಲಲ್ಲ. ಭದ್ರ ಕೋಣೆ, ಕಾವಲು, ರಿಜಿಸ್ಟರ್, ನವೀಕರಣ, ಕಚೇರಿಗೆ ಓಡಾಟ. ಮೇಲೆ ತೆರಿಗೆ. ರಿವಾಲ್ವರ್, ಪಿಸ್ತೂಲ್ ಮೇಲಿದ್ದ 28% ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 40% ಆಗಿದೆ. ಈ ಮಾಲಿಗೆ ಹೆಚ್ಚು ತೆರಿಗೆ ಹಾಕೋದರಲ್ಲಿ ನನಗೆ ತಕರಾರಿಲ್ಲ. ಆದರೆ ಕಳ್ಳಮಾಲು ಜಿಎಸ್‌ಟಿ ಕಟ್ಟಲ್ಲ ಅನ್ನೋದನ್ನ ಮರೆಯಬಾರದು. ಕಾನೂನಿನ ಮಾಲು ದುಬಾರಿಯಾದಷ್ಟೂ ಎರಡರ ನಡುವಿನ ಅಂತರ ಹಿಗ್ಗುತ್ತದೆ.

ಇನ್ನೊಂದು ಹೊರೆ ಹೊರಗಿನವರಿಗೆ ಕಾಣಿಸೋದೇ ಇಲ್ಲ. ಲೈಸೆನ್ಸ್ ಇದ್ದ ಅಪ್ಪ ತೀರಿಕೊಂಡರೆ ಮನೆಯವರು ಬಂದೂಕನ್ನು ಜಮಾ ಮಾಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅಪ್ಪನಿಗೆ 70 ವರ್ಷವಾಗಿದ್ದರೆ, ಇಲ್ಲವೇ 25 ವರ್ಷದಿಂದ ಬಂದೂಕು ಅವರ ಬಳಿ ಇದ್ದರೆ, ಬದುಕಿರುವಾಗಲೇ ವರ್ಗಾವಣೆಗೆ ಅರ್ಜಿ ಹಾಕಬಹುದು. ಆದರೆ ಮಗ ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ ಕೆಲಸಕ್ಕಿದ್ದರೆ ಆ ಬಂದೂಕು ಯಾರಿಗೆ ಬೇಕು? ಹೀಗೆ ವಾರಸುದಾರರು ತಿರುಗಿ ನೋಡದ ಬಂದೂಕು ಅಂಗಡಿಯ ಕಪಾಟಿನಲ್ಲಿ ಕೂರುತ್ತದೆ. ಬಾಡಿಗೆ ಬರಲ್ಲ, ಮಾರೋ ಹಾಗಿಲ್ಲ, ಬಿಸಾಡೋ ಹಾಗೂ ಇಲ್ಲ. ಕಳುವಾದರೆ ಮಾತ್ರ ಜವಾಬ್ದಾರಿ ಅಂಗಡಿಯವರದ್ದೇ. ಅವಧಿ ಮೀರಿದ್ದನ್ನು ಸರಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಲು ಕಾಯ್ದೆಯ ಸೆಕ್ಷನ್ 21ರಲ್ಲಿ ದಾರಿ ಇದೆ. ಆದರೆ ಅದಕ್ಕೆ ಜಿಲ್ಲಾ ದಂಡಾಧಿಕಾರಿಯ ಆದೇಶ ಬೇಕು, ಅಂದರೆ ಯಾರಾದರೂ ಕಡತ ಎತ್ತಬೇಕು.

ಚುನಾವಣೆ ಬಂತು, ಬಂದೂಕು ಒಳಗೆ

ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸ್‌ದಾರರಿಗೆ ಬಂದೂಕು ಜಮಾ ಮಾಡಿ ಅನ್ನೋ ಆದೇಶ ಬರುತ್ತದೆ. ಎಲ್ಲರದ್ದೂ ಕಣ್ಣುಮುಚ್ಚಿ ತೆಗೆದುಕೊಳ್ಳಬಾರದು, ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಂದೊಂದೇ ಪ್ರಕರಣ ನೋಡಿ ತೀರ್ಮಾನಿಸಬೇಕು ಅಂತ ಚುನಾವಣಾ ಆಯೋಗದ ಸೂಚನೆಯೇ ಇದೆ. ಕೆಳಗೆ ಬರುವಷ್ಟರಲ್ಲಿ ಅದು ‘ಎಲ್ಲರೂ ತಂದಿಡಿ’ ಅಂತ ಆಗಿಬಿಡುತ್ತದೆ ಅನ್ನೋದು ಕೊಡಗು, ದಕ್ಷಿಣ ಕನ್ನಡದ ರೈತರು ಪ್ರತಿ ಚುನಾವಣೆಯಲ್ಲೂ ಎತ್ತುವ ದೂರು.

ಜಮಾ ಮಾಡುವ ಜಾಗ ಠಾಣೆ, ಇಲ್ಲವೇ ಲೈಸೆನ್ಸ್ ಇರುವ ಅಂಗಡಿ. ಅಂಗಡಿ ಇಲ್ಲದ ಊರಿನಲ್ಲಿ ಠಾಣೆ ಒಂದೇ ಗತಿ. ಬಂದೂಕಿಗೆ ಎಣ್ಣೆ ಹಚ್ಚಿ, ಒರೆಸಿ, ನಂಬರು ನೋಡಿ ಇಡೋದು ಒಂದು ಕಸುಬು. ಕೈತುಂಬಾ ಬೇರೆ ಕೆಲಸ ಇರುವ ಠಾಣೆಯಿಂದ ಅದನ್ನು ನಿರೀಕ್ಷಿಸೋದು ಕಷ್ಟ.

ಔರಾದ್‌ನಿಂದ ನೋಡಿದರೆ

ಔರಾದ್‌ನಿಂದ ಬೀದರ್‌ಗೆ ಸುಮಾರು 40 ಕಿ.ಮೀ. ಭಾಲ್ಕಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಲೈಸೆನ್ಸ್ ಕೊಡೋದು ಬೀದರ್‌ನ ಡಿಸಿ ಕಚೇರಿ. ಪೊಲೀಸರು 30 ದಿನದಲ್ಲಿ ವರದಿ ಕೊಡಬೇಕು ಅಂತ ನಿಯಮ ಇದೆ. ಸೋಯಾ, ತೊಗರಿ, ಕಬ್ಬಿನ ಹೊಲಕ್ಕೆ ಹಂದಿ ನುಗ್ಗುತ್ತೆ ಅಂತ ಬೆಳೆ ರಕ್ಷಣೆಗೆ ಲೈಸೆನ್ಸ್ ಕೇಳಬಹುದು. ಆದರೆ ಆ ಲೈಸೆನ್ಸ್ ಹೆದರಿಸೋದಕ್ಕೆ; ಕೊಲ್ಲಬೇಕಂದರೆ ವನ್ಯಜೀವಿ ಕಾಯ್ದೆಯ ಸೆಕ್ಷನ್ 11ರ ಪ್ರಕಾರ ಬೇರೆ ಅನುಮತಿ ಬೇಕು. ಕೃಷ್ಣಮೃಗವಂತೂ ಮೊದಲ ಪರಿಚ್ಛೇದದ ಪ್ರಾಣಿ, ಅದರ ತಂಟೆಗೆ ಹೋಗುವಂತಿಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ, ಗಡಿ. ಭಾಲ್ಕಿಯವರಿಗೆ ಉದಗೀರ್ ಹತ್ತಿರ, ಔರಾದ್‌ನವರಿಗೆ ದೇಗಲೂರು ಹತ್ತಿರ, ಇಡೀ ಜಿಲ್ಲೆಗೆ ದೊಡ್ಡ ಪೇಟೆ ಅಂದರೆ ಹೈದರಾಬಾದ್. ಬೀಜ, ಬಟ್ಟೆ, ಆಸ್ಪತ್ರೆ, ಮದುವೆ ಎಲ್ಲಕ್ಕೂ ನಾವು ಗಡಿ ದಾಟುತ್ತೇವೆ. ಬಂದೂಕಿನ ಲೈಸೆನ್ಸ್‌ನಲ್ಲಿ ಮಾತ್ರ ಅದು ಎಲ್ಲಿವರೆಗೆ ಚಲಾವಣೆ ಅಂತ ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಅಂತ ಇದ್ದರೆ, ರಿಪೇರಿಗೆ ಅಂತ ಹೈದರಾಬಾದ್‌ಗೆ ಒಯ್ದವನೂ ಕಾನೂನು ಮುರಿದವನೇ. ಹೀಗಾಗಿ ಹತ್ತಿರದ ಪೇಟೆಗಳು ಕಾನೂನಿನ ಲೆಕ್ಕದಲ್ಲಿ ದೂರ. ಬೆಂಗಳೂರು ನಿಜಕ್ಕೂ ದೂರ. ಇಂಥ ಕಡೆ ಜಿಲ್ಲಾ ಕೇಂದ್ರದಲ್ಲಿ ಒಂದು ಅಂಗಡಿ ನಿಲ್ಲೋದು, ನಿಲ್ಲದಿರೋದು ಬೇರೆ ಜಿಲ್ಲೆಗಿಂತ ಹೆಚ್ಚು ಮುಖ್ಯ.

ಕಾನೂನಿನ ದಾರಿ ಉದ್ದವಾದಾಗ ಜನ ಸುಮ್ಮನೆ ಕೂರಲ್ಲ. ಬೇಲಿಗೆ ಕರೆಂಟ್ ಬಿಡುತ್ತಾರೆ, ಸಿಡಿಮದ್ದಿನ ಉಂಡೆ ಇಡುತ್ತಾರೆ. ಕರೆಂಟ್ ಬೇಲಿಗೆ ಹಂದಿ ಮಾತ್ರ ಸಾಯಲ್ಲ, ರಾತ್ರಿ ನೀರು ಕಟ್ಟೋಕೆ ಹೋದ ರೈತನೂ ಸಾಯುತ್ತಾನೆ. ಕೇರಳ 2022ರಲ್ಲಿ ಕಾಡುಹಂದಿ ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಂಥ ಸ್ಥಳೀಯ ಮುಖ್ಯಸ್ಥರಿಗೇ ಕೊಟ್ಟಿತು. ಒಪ್ಪೋದು ಬಿಡೋದು ಬೇರೆ ಮಾತು, ಆದರೆ ಅದು ಚರ್ಚೆಗೆ ಸಿಗುವ ತೀರ್ಮಾನ. ನಮ್ಮ ಅರಣ್ಯ ಸಚಿವ ಈಶ್ವರ ಖಂಡ್ರೆ ಭಾಲ್ಕಿಯ ಶಾಸಕರೇ. ಈ ಪ್ರಶ್ನೆಯನ್ನು ಅವರಿಗೆ ಕೇಳಲು ನಾವು ದೂರ ಹೋಗಬೇಕಾಗಿಲ್ಲ.

ಅಂಗಡಿ ಮುಚ್ಚಿದರೆ ಬಂದೂಕು ಕಡಿಮೆ ಆಗುತ್ತಾ?

ಎನ್‌ಸಿಆರ್‌ಬಿ ವರದಿಗಳನ್ನು ನೋಡಿ. ವರ್ಷ ವರ್ಷವೂ ವಶಪಡಿಸಿಕೊಳ್ಳುವ ಬಂದೂಕುಗಳಲ್ಲಿ ಬಹುಪಾಲು ಲೈಸೆನ್ಸ್ ಇಲ್ಲದವು. ಬಸವಕಲ್ಯಾಣ ಇರುವ ಜಿಲ್ಲೆಗೆ ಎಂ.ಎಂ. ಕಲಬುರ್ಗಿ ಅವರ ಹೆಸರು ಬಿಡಿಸಿ ಹೇಳಬೇಕಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಅವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಕೊಂದಿದ್ದು 7.65 ಮಿ.ಮೀ.ನ ಒಂದೇ ನಾಡ ಪಿಸ್ತೂಲಿನಿಂದ ಅಂತ ವಿಧಿವಿಜ್ಞಾನ ವರದಿ ಹೇಳಿತು. ಆ ಪಿಸ್ತೂಲು ಯಾವ ಅಂಗಡಿಯ ರಿಜಿಸ್ಟರಿನಲ್ಲೂ ಇರಲಿಲ್ಲ. ಎಲ್ಲ ಅಂಗಡಿಗಳನ್ನೂ ಮುಚ್ಚಿಸಿದ್ದರೂ ಅದು ಬರುತ್ತಿತ್ತು.

2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಲೈಸೆನ್ಸ್ ಇಲ್ಲದ ಬಂದೂಕುಗಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅಮೆರಿಕದಂತೆ ಇಲ್ಲಿ ಶಸ್ತ್ರ ಹಿಡಿಯುವುದು ಮೂಲಭೂತ ಹಕ್ಕಲ್ಲ ಅಂತ ನೆನಪಿಸಿತು. 2019ರ ತಿದ್ದುಪಡಿ ಕಳ್ಳ ತಯಾರಿಕೆ ಮತ್ತು ಮಾರಾಟಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಇಟ್ಟಿದೆ. ಶಿಕ್ಷೆ ದೊಡ್ಡದಾಗಿದೆ ಸರಿ. ಕಾನೂನಿನ ದಾರಿ ಮಾತ್ರ ಸಣ್ಣದಾಗುತ್ತಲೇ ಇದೆ.

ಹಣದ ಗಾಡಿಯ ಪ್ರಶ್ನೆಗೂ ಇದೇ ಉತ್ತರದ ಒಂದು ಭಾಗ. 2018ರ ಆಗಸ್ಟ್‌ನಲ್ಲಿ ಕೇಂದ್ರ ತಂದ ನಿಯಮಗಳ ಪ್ರಕಾರ ಪ್ರತಿ ಹಣದ ಗಾಡಿಯಲ್ಲಿ ಚಾಲಕ, ಇಬ್ಬರು ಎಟಿಎಂ ಸಿಬ್ಬಂದಿ ಜೊತೆ ಬಂದೂಕು ಹಿಡಿದ ಇಬ್ಬರು ಕಾವಲುಗಾರರು ಇರಬೇಕು. ಆ ಕೆಲಸಕ್ಕೆ ಸಾಮಾನ್ಯವಾಗಿ ಬರೋದು ಸ್ವಂತ ಲೈಸೆನ್ಸ್, ಸ್ವಂತ ಬಂದೂಕು ಇರುವ ನಿವೃತ್ತ ಸೈನಿಕರು. ಅವರ ಹೆಗಲ ಮೇಲಿನ ಡಬಲ್ ಬ್ಯಾರಲ್ ಬಂದೂಕಿಗೆ ಹೊಸ ತೋಟಾ, ವರ್ಷಕ್ಕೊಂದು ಸಲ ತಪಾಸಣೆ ಎಲ್ಲಿ ಆಗಬೇಕು? ಏಜೆನ್ಸಿಗಳು ಖರ್ಚು ಉಳಿಸೋದು ಒಂದು ಕಾರಣವಾದರೆ, ಕೆಲಸ ಮಾಡುವ ಬಂದೂಕು ಸಿಗದಿರೋದು ಇನ್ನೊಂದು ಕಾರಣವಾಗಬಾರದು.

ಅಂಗಡಿಯವರೆಲ್ಲ ಅಮಾಯಕರಾ?

ಖಂಡಿತ ಅಲ್ಲ. ಜಮ್ಮು ಕಾಶ್ಮೀರದ ಲೈಸೆನ್ಸ್ ಹಗರಣ ನೆನಪಿಸಿಕೊಳ್ಳಿ. 2012ರಿಂದ 2016ರ ನಡುವೆ 2.78 ಲಕ್ಷಕ್ಕೂ ಹೆಚ್ಚು ಲೈಸೆನ್ಸ್‌ಗಳನ್ನು ಅರ್ಹರಲ್ಲದವರಿಗೆ ಕೊಟ್ಟ ಆರೋಪದ ಮೇಲೆ ಸಿಬಿಐ ತನಿಖೆ ನಡೆಸಿತು. ಆರೋಪಿಗಳ ಪಟ್ಟಿಯಲ್ಲಿ ಅಧಿಕಾರಿಗಳೂ ಇದ್ದರು, ಬಂದೂಕಿನ ವ್ಯಾಪಾರಿಗಳೂ ಇದ್ದರು. ಆದಾಯ ಬತ್ತಿದ ವ್ಯಾಪಾರಕ್ಕೆ ಅಡ್ಡದಾರಿ ಹತ್ತಿರ ಕಾಣುತ್ತದೆ. ನನ್ನ ಆತಂಕವೂ ಅದೇ. ಅಂಗಡಿಯನ್ನು ಅರೆಜೀವ ಮಾಡಿ ಇಡೋದು ಮುಚ್ಚೋದಕ್ಕಿಂತ ಅಪಾಯ.

ಲೈಸೆನ್ಸ್ ಯಾರಿಗೆ ಸಿಗುತ್ತೆ ಅನ್ನೋದು ಜಾತಿಯ ಪ್ರಶ್ನೆ ಕೂಡ. ಹಳ್ಳಿಯಲ್ಲಿ ಬಂದೂಕು ಗೋಡೆಗೆ ತೂಗಿರುತ್ತಿದ್ದುದು ಯಾರ ಮನೆಯಲ್ಲಿ ಅಂತ ನಮಗೆಲ್ಲ ಗೊತ್ತು. ಎಸ್‌ಸಿ, ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ ಹೆಚ್ಚು ಮಂದಿಗೆ ಗೊತ್ತಿಲ್ಲದ ಒಂದು ಮಾತಿದೆ. ದೌರ್ಜನ್ಯದ ಭೀತಿ ಇರುವ ಪ್ರದೇಶಗಳಲ್ಲಿ ಆ ಸಮುದಾಯಗಳಿಗೆ ಸೇರದವರ ಶಸ್ತ್ರ ಲೈಸೆನ್ಸ್ ರದ್ದು ಮಾಡಬಹುದು. ಅಗತ್ಯ ಕಂಡರೆ ದಲಿತ, ಆದಿವಾಸಿಗಳಿಗೆ ಆತ್ಮರಕ್ಷಣೆಗೆ ಲೈಸೆನ್ಸ್ ಕೊಡಬಹುದು. ದಲಿತರ ಕೈಗೆ ಬಂದೂಕು ಬರಲಿ ಅನ್ನೋದಲ್ಲ ನನ್ನ ಆಸೆ. ನಿಯಮದ ಮೊದಲ ಭಾಗವನ್ನು ಜಾರಿ ಮಾಡಬೇಕಾದರೆ ಬಂದೂಕು ಯಾರ ಮನೆಯಲ್ಲಿದೆ ಅಂತ ಸರಕಾರಕ್ಕೆ ಸರಿಯಾಗಿ ಗೊತ್ತಿರಬೇಕು. ಮತ್ತೆ ಲೆಕ್ಕದ ಪುಸ್ತಕಕ್ಕೇ ಬಂದೆವು.

ಹಾಗಾದರೆ ಏನು ಮಾಡಬೇಕು?

ಬೇರೆ ದೇಶದವರು ಮಾಡಿದ್ದು ಒಂದು ಉದಾಹರಣೆ. 1996ರಲ್ಲಿ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಆಸ್ಟ್ರೇಲಿಯಾ ಕೆಲವು ಬಗೆಯ ಬಂದೂಕುಗಳನ್ನು ನಿಷೇಧಿಸಿತು. ಸರಕಾರವೇ ದುಡ್ಡು ಕೊಟ್ಟು ಸುಮಾರು 6.5 ಲಕ್ಷ ಬಂದೂಕು ವಾಪಸ್ ಪಡೆದು ನಾಶ ಮಾಡಿತು. ಅಂಗಡಿಯವರ ನಷ್ಟಕ್ಕೂ ಪರಿಹಾರ ಕೊಟ್ಟಿತು. ನಮ್ಮಲ್ಲೇ ಇನ್ನೊಂದು ತುದಿಯ ಉದಾಹರಣೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಎರಡೂ ಕಡೆ ಯಾರೋ ಯೋಚನೆ ಮಾಡಿ, ಬರೆದು, ಹೊಣೆ ಹೊತ್ತಿದ್ದಾರೆ. ನಮ್ಮಂಥ ಜಿಲ್ಲೆಗಳಲ್ಲಿ ನಡೀತಿರೋದು ತೀರ್ಮಾನವೇ ಇಲ್ಲದ ಸಾವು.

ನನ್ನ ಕಡೆಯಿಂದ ನಾಲ್ಕು ಬೇಡಿಕೆ.

ಒಂದು, ಬೇಡದ ಬಂದೂಕನ್ನು ಮನೆಯವರು ಭಯವಿಲ್ಲದೆ ಒಪ್ಪಿಸಲು, ಅದಕ್ಕೆ ಒಂದಿಷ್ಟು ಹಣ ಪಡೆಯಲು ಸರಕಾರದ ಯೋಜನೆ ಬರಲಿ. ಅಂಗಡಿಯ ಕಪಾಟಿನಲ್ಲಿ ಕೊಳೆಯುತ್ತಿರುವ ವಾರಸುದಾರರಿಲ್ಲದ ಬಂದೂಕುಗಳಿಂದಲೇ ಶುರುವಾಗಲಿ.

ಎರಡು, ಜಮಾ ಮತ್ತು ರಿಪೇರಿಯನ್ನು ಸಾರ್ವಜನಿಕ ಸೇವೆ ಅಂತ ನೋಡಿ, ಚುನಾವಣೆ ಕಾಲದ ಜಮಾ ಖರ್ಚನ್ನು ಸರಕಾರವೇ ಅಂಗಡಿಗೆ ಕೊಡಲಿ. ಮಾರಾಟ ಹೆಚ್ಚಿಸದೆಯೇ ಅಂಗಡಿ ಬದುಕಲು ಇದೊಂದು ದಾರಿ.

ಮೂರು, ಅಂಗಡಿ ಮುಚ್ಚುವಾಗ ಅದರ ಹಳೇ ರಿಜಿಸ್ಟರುಗಳನ್ನು ಡಿಸಿ ಕಚೇರಿ ವಶಕ್ಕೆ ಪಡೆದು, ರಾಷ್ಟ್ರೀಯ ಶಸ್ತ್ರ ಲೈಸೆನ್ಸ್ ದತ್ತಾಂಶದ ಜೊತೆ ಒಂದೊಂದೇ ನಂಬರು ತಾಳೆ ನೋಡಲಿ. ಹುಳ ಹಿಡಿದ ಪುಸ್ತಕದಲ್ಲಿ ಒಂದು ತಲೆಮಾರಿನ ಬಂದೂಕುಗಳ ವಿಳಾಸ ಇರುತ್ತದೆ.

ನಾಲ್ಕು, ಇದು ಓದುಗರಾದ ನಿಮಗೆ. ನಿಮ್ಮ ಜಿಲ್ಲೆಯಲ್ಲಿ ಎಷ್ಟು ಲೈಸೆನ್ಸ್ ಚಾಲ್ತಿಯಲ್ಲಿವೆ, ಎಷ್ಟು ಅವಧಿ ಮುಗಿದಿವೆ, ಅವಧಿ ಮುಗಿದವರ ಬಂದೂಕು ಈಗ ಎಲ್ಲಿವೆ, ಲೈಸೆನ್ಸ್ ಇರುವ ಅಂಗಡಿ ಎಷ್ಟು, ಹತ್ತು ವರ್ಷದಲ್ಲಿ ಮುಚ್ಚಿದ್ದು ಎಷ್ಟು? ಹೆಸರು ಬೇಡ, ಸಂಖ್ಯೆ ಸಾಕು. ಡಿಸಿ ಕಚೇರಿಗೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಕೇಳಿ. ಮೂರನೇ ಪ್ರಶ್ನೆಗೆ ಉತ್ತರ ಬರುತ್ತದೋ ಇಲ್ಲವೋ ಅನ್ನೋದರಲ್ಲೇ ನಿಮ್ಮ ಜಿಲ್ಲೆ ಎಷ್ಟು ಸುರಕ್ಷಿತ ಅನ್ನೋದು ಗೊತ್ತಾಗುತ್ತದೆ.